ಕಾಲು ನೋವಿದ್ದರೂ ಕಾಡು ಸುತ್ತಬೇಕೇ? ಹಗುರವಾದ ಶೂ ಆರಿಸುವ ಬಗೆ

"ಹಿಮ್ಮಡಿ ನೋವಿದೆ. ಆದರೂ ಕಾಡಿಗೆ ಹೋಗೋದು ಬಿಡೋಕಾಗಲ್ಲ. ಯಾವ ಶೂ ತಗೊಳ್ಳಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹಕ್ಕಿ ನೋಡುವವರಿದ್ದಾರೆ, ಕ್ಯಾಮೆರಾ ಹೊತ್ತು ಪ್ರಾಣಿಗಳ ಜಾಡು ಹಿಡಿದು ಅಲೆಯುವವರಿದ್ದಾರೆ, ಸುಮ್ನೆ ಗುಡ್ಡ ಹತ್ತುವವರೂ ಇದ್ದಾರೆ. ಬಹಳ ಜನಕ್ಕೆ ಬೇಕಿರುವುದು ಒಂದು ಕಂಪನಿಯ ಹೆಸರು, ಒಂದು ಮಾಡೆಲ್. ಆದರೆ ನಿಮ್ಮ ಗೆಳೆಯರ ನೋವಿಗೆ ಆರಾಮ ಕೊಟ್ಟ ಶೂ ನಿಮ್ಮ ನೋವನ್ನು ಜಾಸ್ತಿ ಮಾಡಬಹುದು. ಪಾದದ ಯಾವ ಜಾಗ ನೋಯುತ್ತಿದೆ ಅನ್ನುವುದರ ಮೇಲೆ ಶೂ ಹೇಗಿರಬೇಕು ಅನ್ನುವುದು ನಿಂತಿದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದರ್ಧ ಗಂಟೆ ಕೆಲಸವಿದೆ.

ಕೈಗೆ ಸಿಗುವಂತೆ ಇವನ್ನು ಇಟ್ಟುಕೊಳ್ಳಿ: ಎರಡು ದೊಡ್ಡ ಬಿಳಿ ಹಾಳೆ, ಪೆನ್ಸಿಲ್, ಸ್ಕೇಲ್, ಅಡುಗೆಮನೆಯ ತಕ್ಕಡಿ, ಈಗ ಹಾಕುತ್ತಿರುವ ಹಳೆಯ ಶೂ, ಮತ್ತೆ ನಡಿಗೆಗೆ ಹಾಕುವ ಕಾಲುಚೀಲ.

1. ನೋವು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ

"ಕಾಲು ನೋಯುತ್ತೆ" ಅಂದರೆ ಸಾಲದು. ಕುರ್ಚಿಯಲ್ಲಿ ಕುಳಿತು, ಪಾದವನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ.

ಹಿಮ್ಮಡಿಯ ಅಡಿಯಲ್ಲಿ, ಸ್ವಲ್ಪ ಒಳಬದಿಗೆ ನೋವಿದೆಯಾ? ಬೆಳಿಗ್ಗೆ ಎದ್ದು ಇಡುವ ಮೊದಲ ನಾಲ್ಕೈದು ಹೆಜ್ಜೆ ಮುಳ್ಳು ಚುಚ್ಚಿದ ಹಾಗಿರುತ್ತದಾ? ಹಾಗಿದ್ದರೆ ಅದು ಬಹುಶಃ ಪ್ಲಾಂಟರ್ ಫೇಶಿಯಾದ ನೋವು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಬಿಗಿದು ಕಟ್ಟಿದ ಗಟ್ಟಿ ಪಟ್ಟಿಯೊಂದಿದೆ, ಅದರ ಹೆಸರು ಇದು. ಈ ನೋವಿಗೆ ಹಿಮ್ಮಡಿಯ ಕಡೆ ಸ್ವಲ್ಪ ಎತ್ತರವಿರುವ, ಕಮಾನಿನ ಜಾಗದಲ್ಲಿ ಮಡಚದ ಶೂ ಬೇಕು. ಕಮಾನು ಅಂದರೆ ಪಾದದ ಒಳಬದಿಯಲ್ಲಿ ನೆಲ ಮುಟ್ಟದ ಬಾಗಿದ ಭಾಗ.

ಹಿಮ್ಮಡಿಯ ಹಿಂದೆ, ಮೀನಖಂಡದಿಂದ ಇಳಿದು ಬರುವ ದಪ್ಪ ನರದಂಥ ಸ್ನಾಯುರಜ್ಜು ನೋಯುತ್ತಿದ್ದರೆ ಅದು ಅಕಿಲೀಸ್. ಇದಕ್ಕೂ ಹಿಮ್ಮಡಿ ಎತ್ತರವಿರುವ ಶೂ ಹಿತ. ಜೊತೆಗೆ ಹಿಂಭಾಗದ ಅಂಚು ಅಲ್ಲಿಗೇ ತಾಗಿ ಉಜ್ಜಬಾರದು.

ನೋವು ಬೆರಳುಗಳ ಬುಡದಲ್ಲಿ, ಅಂಗಾಲಿನ ಮುಂದಿನ ದಿಂಡಿನಲ್ಲಿದ್ದರೆ ಲೆಕ್ಕ ತಿರುಗುತ್ತದೆ. ಎತ್ತರದ ಹಿಮ್ಮಡಿ ಭಾರವನ್ನೆಲ್ಲ ಮುಂದಕ್ಕೆ ತಳ್ಳುತ್ತದೆ, ಇಲ್ಲಿ ಅದು ಬೇಡ. ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ಉರಿ, ಶೂ ಒಳಗೆ ಕಲ್ಲು ಸಿಕ್ಕಿಕೊಂಡ ಅನುಭವ ಇದ್ದರೆ ನರ ಒತ್ತಿಕೊಂಡಿರಬಹುದು. ಇಂಥವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅಗಲ.

ಹೆಬ್ಬೆರಳಿನ ಬುಡದ ಕೀಲು ಬಿರುಸಾಗಿ, ಬೆರಳು ಮೇಲಕ್ಕೆ ಮಡಚಿದಾಗ ನೋಯುತ್ತಿದ್ದರೆ ಮೆತ್ತಗಿನ ಶೂ ನಿಮಗೆ ಶತ್ರು. ಮುಂಭಾಗ ಗಟ್ಟಿಯಾಗಿದ್ದು, ಅಡಿ ತೊಟ್ಟಿಲಿನ ಹಾಗೆ ಬಾಗಿರುವ ಶೂ ನೋಡಿ. ಇದಕ್ಕೆ ರಾಕರ್ ಸೋಲ್ ಅನ್ನುತ್ತಾರೆ. ಬೆರಳು ಮಡಚದೆಯೇ ಪಾದ ಮುಂದಕ್ಕೆ ಉರುಳುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಮೂಳೆಯ ಒಂದೇ ಬಿಂದುವನ್ನು ಒತ್ತಿದರೆ ಜೀವ ಹೋಗುವಷ್ಟು ನೋವು, ಬಾವು, ರಾತ್ರಿ ಮಲಗಿದಾಗಲೂ ಬಿಡದ ನೋವು, ಪಾದ ಜೋಮು ಹಿಡಿಯುವುದು, ಭಾರ ಬಿಡಲು ಆಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಶೂ ಹುಡುಕಬೇಡಿ, ವೈದ್ಯರನ್ನು ನೋಡಿ. ಜಾಸ್ತಿ ನಡೆದು ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಂದಿರಬಹುದು. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾಗಿರುವವರು ವೈದ್ಯರನ್ನು ಕೇಳದೆ ಹೊಸ ಶೂನಲ್ಲಿ ದೂರ ನಡೆಯಲೇಬಾರದು. ಗುಳ್ಳೆ ಎದ್ದರೂ ಅವರಿಗೆ ಗೊತ್ತಾಗುವುದಿಲ್ಲ, ಅಲ್ವಾ?

2. ಹಳೆಯ ಶೂ ಏನು ಹೇಳುತ್ತಿದೆ ನೋಡಿ

ಹಳೆಯ ಶೂನಿಂದ ಇನ್ಸೋಲನ್ನು, ಅಂದರೆ ಒಳಗಿನ ತೆಗೆಯಬಹುದಾದ ಮೆತ್ತೆಯನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಬೆವರು, ಒತ್ತಡ ಸೇರಿ ನಿಮ್ಮ ಪಾದದ ಅಚ್ಚು ಅದರ ಮೇಲೆ ಕಪ್ಪಗೆ ಮೂಡಿರುತ್ತದೆ. ಐದು ಬೆರಳಿನ ಗುಂಡು ಗುರುತು ಎಣಿಸಿ. ನಮ್ಮ ಮನೆಯವರೊಬ್ಬರ ಇನ್ಸೋಲ್‌ನಲ್ಲಿ ನಾಲ್ಕೇ ಇದ್ದವು. ಕಿರುಬೆರಳಿನ ಗುರುತು ಅಂಚಿನಲ್ಲಿ ಅರ್ಧ ಕತ್ತರಿಸಿದ ಹಾಗಿತ್ತು. ಉಳಿದರ್ಧ ಎರಡು ವರ್ಷ ಶೂನ ಗೋಡೆಯ ಮೇಲೆ ಕೂತಿತ್ತು. ಅವರು ಅಷ್ಟೂ ದಿನ ಆಣಿಗೆ ಮುಲಾಮು ಹಚ್ಚುತ್ತಿದ್ದರು.

ಅಡಿಯನ್ನೂ ನೋಡಿ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿರುವುದು ಸಹಜ, ಹೆಚ್ಚಿನವರು ಅಲ್ಲೇ ಮೊದಲು ಕಾಲೂರುತ್ತಾರೆ. ಒಳ ಅಂಚು ಜೋರಾಗಿ ಸವೆದಿದ್ದರೆ ಪಾದ ಒಳಕ್ಕೆ ವಾಲುತ್ತಿದೆ ಎಂದರ್ಥ. ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ವಾಲಿ ನಿಂತಿದ್ದರೆ, ನೋವಿಗೆ ಆ ಶೂನ ಪಾಲೂ ಇರಬಹುದು.

3. ಪಾದ ಅಳೆಯಿರಿ, ಎರಡನ್ನೂ

ಸಂಜೆ ಅಳೆಯಿರಿ. ದಿನವಿಡೀ ನಿಂತು ನಡೆದ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಕಾಡಿನಲ್ಲೂ ಅದೇ ಆಗುವುದು. ಕಾಲುಚೀಲ ಹಾಕಿಕೊಂಡು ಹಾಳೆಯ ಮೇಲೆ ಎದ್ದು ನಿಲ್ಲಿ. ಕುಳಿತು ಅಳೆದರೆ ಭಾರ ಬೀಳುವುದಿಲ್ಲ, ಪಾದ ಹರಡಿಕೊಳ್ಳುವುದಿಲ್ಲ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಬೇರೆಯವರ ಕೈಯಲ್ಲಿ ಸುತ್ತ ಗೆರೆ ಎಳೆಸಿ. ನೀವೇ ಬಗ್ಗಿ ಎಳೆದರೆ ಭಾರ ಆಚೀಚೆ ಸರಿದು ಅಳತೆ ತಪ್ಪುತ್ತದೆ.

ಈಗ ಎರಡು ಅಳತೆ: ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತುದಿಯವರೆಗೆ, ಮತ್ತು ಮುಂಭಾಗದ ಅತಿ ಅಗಲದ ಜಾಗ. ಅತಿ ಉದ್ದದ ಬೆರಳು ಎಲ್ಲರಿಗೂ ಹೆಬ್ಬೆರಳೇ ಆಗಿರಬೇಕಿಲ್ಲ, ಎರಡನೆಯದೂ ಆಗಿರಬಹುದು. ದೊಡ್ಡ ಪಾದದ ಅಳತೆಯೇ ನಿಮ್ಮ ಅಳತೆ. ಆ ಉದ್ದಕ್ಕೆ 10ರಿಂದ 12 ಮಿಲಿಮೀಟರ್ ಸೇರಿಸಿ. ಶೂನ ಒಳ ಉದ್ದ ಅಷ್ಟಿರಬೇಕು.

ಇಲ್ಲಿ ಬಹಳ ಜನ ಬೀಳುವ ಗುಂಡಿ ಒಂದಿದೆ. "ಒಂದು ಸೈಜ್ ದೊಡ್ಡದು ತಗೊಳ್ಳಿ" ಅನ್ನುತ್ತಾರೆ. ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜ್ ಅಂದರೆ ಹತ್ತಿರ ಹತ್ತಿರ 8.5 ಮಿ.ಮೀ. ಯುರೋಪಿಯನ್ ಅಳತೆಯಲ್ಲಿ ಒಂದು ಸೈಜ್ ಸುಮಾರು 6.7 ಮಿ.ಮೀ. ಎರಡೂ ಒಂದೇ ಅಲ್ಲ. ಸಾಲದ್ದಕ್ಕೆ ಒಂದೊಂದು ಕಂಪನಿಯ ಅಚ್ಚು ಒಂದೊಂದು ಥರ. ಸೈಜ್ ನಂಬರ್ ಬದಲು ಮಿಲಿಮೀಟರ್ ಲೆಕ್ಕ ನೆನಪಿಟ್ಟುಕೊಳ್ಳಿ. ಪಾದ ಅಗಲವಾಗಿದ್ದರೆ ಉದ್ದದ ಶೂ ತಗೊಂಡು ಸುಧಾರಿಸಬೇಡಿ. ಶೂ ಮಡಚುವ ಜಾಗ ಬೆರಳುಗಳ ಬುಡದಿಂದ ಮುಂದೆ ಹೋಗುತ್ತದೆ, ಹಿಮ್ಮಡಿ ಜಾರುತ್ತದೆ. ಅದೇ ಉದ್ದದಲ್ಲಿ ಅಗಲದ ಮಾಡೆಲ್ ಇದೆಯಾ ಕೇಳಿ. ಪೆಟ್ಟಿಗೆಯ ಮೇಲೆ 2ಇ, 4ಇ ಎಂದು ಬರೆದಿರುವುದು ಅಗಲದ ಗುರುತು. ಗಂಡಸರ ಶೂಗಳಲ್ಲಿ 2ಇ ಅಂದರೆ ಅಗಲ, 4ಇ ಅಂದರೆ ಇನ್ನೂ ಅಗಲ.

4. ತೂಕ ನೋಡಿ, ಆದರೆ ತೂಕಕ್ಕೇ ಮರುಳಾಗಬೇಡಿ

ಹಳೆಯ ಶೂ ಒಂದನ್ನು ತಕ್ಕಡಿಗೆ ಹಾಕಿ. ದಪ್ಪ ಚರ್ಮದ ಎತ್ತರದ ಬೂಟು ಒಂದು ಕಾಲಿಗೆ 700 ಗ್ರಾಂ ದಾಟುವುದುಂಟು. ಹಗುರದ ಚಾರಣದ ಬೂಟು 400ರಿಂದ 600 ಗ್ರಾಂ. ಮಣ್ಣುದಾರಿಯಲ್ಲಿ ಓಡುವವರಿಗೆ ಮಾಡಿದ ಟ್ರೇಲ್ ಶೂ 250ರಿಂದ 350 ಗ್ರಾಂ.

ಒಂದು ಸಣ್ಣ ಲೆಕ್ಕ ಹಾಕೋಣ. 75 ಸೆಂಟಿಮೀಟರ್ ಹೆಜ್ಜೆಯಲ್ಲಿ 10 ಕಿಲೋಮೀಟರ್ ನಡೆದರೆ 13,000ಕ್ಕೂ ಹೆಚ್ಚು ಹೆಜ್ಜೆ. ಒಂದೊಂದು ಕಾಲನ್ನೂ 6,600 ಸಲ ಎತ್ತುತ್ತೀರಿ. ಶೂ 300 ಗ್ರಾಂ ಹಗುರವಾದರೆ ಒಂದು ಕಾಲು ದಿನದಲ್ಲಿ ಎತ್ತುವ ಭಾರ ಹತ್ತಿರ ಹತ್ತಿರ 2,000 ಕಿಲೋ ಕಡಿಮೆ. ನೋಯುವ ಕಾಲಿಗೆ ಇದು ಸಣ್ಣ ಮಾತಲ್ಲ. ದಣಿದ ಕಾಲು ಎಡವುತ್ತದೆ, ಅಡ್ಡಾದಿಡ್ಡಿ ಬೀಳುತ್ತದೆ, ನೋವು ಹೆಚ್ಚುವುದು ಅಲ್ಲಿಂದಲೇ.

ಆದರೆ ಹಗುರ ಬೇರೆ, ಮೆತ್ತಗೆ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಹಿಂಡಿದರೆ ಸ್ಪಂಜಿನ ಹಾಗೆ ಒತ್ತಿಕೊಳ್ಳುವ, ಬಟ್ಟೆಯ ಹಾಗೆ ಸುತ್ತಿಕೊಳ್ಳುವ ಶೂ ಅಂಗಡಿಯ ನುಣುಪು ನೆಲದ ಮೇಲೆ ಸ್ವರ್ಗ. ಬೇರು, ಕಲ್ಲು, ಇಳಿಜಾರಿನ ಮೇಲೆ ಅದೇ ಶೂ ಪಾದವನ್ನು ಎಲ್ಲ ಕಡೆಗೂ ತಿರುಚುತ್ತದೆ. ನೋವಿರುವವರಿಗೆ ಬೇಕಾದದ್ದು ಹಗುರ ಮತ್ತು ಬಿಗಿ, ಎರಡೂ. ನೀವು 20 ಕಿಲೋ ಹೊರೆ ಹೊರುವವರಲ್ಲದಿದ್ದರೆ, ಒಂದು ಕಾಲಿಗೆ 300ರಿಂದ 450 ಗ್ರಾಂ ಒಳಗೆ ಹುಡುಕಿ ಅನ್ನುವುದು ನನ್ನ ಸಲಹೆ.

5. ಅಂಗಡಿಯಲ್ಲಿ ಮೂರು ಪರೀಕ್ಷೆ

ಹಾಕಿಕೊಳ್ಳುವ ಮೊದಲೇ ಕೈಯಲ್ಲಿ ಹಿಡಿದು ನೋಡಿ. ಒಂದು ನಿಮಿಷದ ಕೆಲಸ.

ಮಡಚಿ ನೋಡಿ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ತುದಿ ಹಿಡಿದು ಒತ್ತಿ. ನಿಮ್ಮ ಬೆರಳುಗಳು ಮಡಚುವ ಜಾಗದಲ್ಲೇ ಶೂ ಕೂಡ ಮಡಚಬೇಕು. ನಡುವೆ, ಕಮಾನಿನ ಕೆಳಗೆ ಮುರಿದ ಹಾಗೆ ಮಡಚಿದರೆ ವಾಪಸ್ ಇಟ್ಟುಬಿಡಿ. ಹೆಬ್ಬೆರಳಿನ ಕೀಲು ನೋಯುವವರಿಗೆ ಮಾತ್ರ ಮುಂಭಾಗವೂ ಅಷ್ಟಾಗಿ ಮಡಚದಿರುವುದೇ ಒಳ್ಳೆಯದು.

ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಸ್ವಲ್ಪ ತಿರುಗಿ ತಡೆಯಬೇಕು.

ಹಿಂಭಾಗವನ್ನು, ಹಿಮ್ಮಡಿ ಕೂರುವ ಬಟ್ಟಲನ್ನು, ಎರಡು ಬೆರಳಲ್ಲಿ ಒತ್ತಿ. ಒಳಕ್ಕೆ ಕುಸಿದರೆ ಅದು ಹಿಮ್ಮಡಿಯನ್ನು ಹಿಡಿದಿಡುವುದಿಲ್ಲ.

ಇನ್ನು ಡ್ರಾಪ್ ಎಷ್ಟು ಅಂತ ಕೇಳಿ. ಹಿಮ್ಮಡಿಯ ಕೆಳಗಿನ ದಪ್ಪದಿಂದ ಮುಂಭಾಗದ ದಪ್ಪ ಕಳೆದರೆ ಬರುವುದೇ ಡ್ರಾಪ್. ಸೊನ್ನೆಯಿಂದ 12 ಮಿ.ಮೀ. ವರೆಗೆ ಇರುತ್ತದೆ. ಹಿಮ್ಮಡಿ ಅಥವಾ ಅಕಿಲೀಸ್ ನೋವಿಗೆ ಸಾಮಾನ್ಯವಾಗಿ 8ರಿಂದ 12 ಮಿ.ಮೀ. ಹಿತವಾಗುತ್ತದೆ. ಮುಂದಿನ ದಿಂಡು ನೋಯುವವರು 4ರಿಂದ 6 ಮಿ.ಮೀ. ನೋಡಬಹುದು. ಉದಾಹರಣೆಗೆ ಹೋಕಾ ಕಂಪನಿ ದಪ್ಪ ಮೆತ್ತೆ, ರಾಕರ್ ಸೋಲ್‌ಗೆ ಹೆಸರಾದದ್ದು. ಆಲ್ಟ್ರಾ ಬೆರಳಿನ ಜಾಗದ ಅಗಲಕ್ಕೆ ಮತ್ತು ಸೊನ್ನೆ ಡ್ರಾಪ್‌ಗೆ ಹೆಸರಾದದ್ದು. ಎರಡೂ ಒಳ್ಳೆಯ ಶೂಗಳೇ. ಆದರೆ ಅಕಿಲೀಸ್ ನೋವಿರುವವರು ಸೊನ್ನೆ ಡ್ರಾಪ್‌ಗೆ ಒಂದೇ ದಿನದಲ್ಲಿ ಹಾರಿದರೆ ಮೀನಖಂಡ ಎಳೆದುಕೊಂಡು ನೋವು ಕೆರಳುತ್ತದೆ.

6. ಕಾಡು ಏನು ಕೇಳುತ್ತದೆ?

ರಸ್ತೆಯ ವಾಕಿಂಗ್ ಶೂ ಇಲ್ಲಿ ಸೋಲುವುದು ಹಿಡಿತದಲ್ಲಿ. ಅಡಿಯ ಹಲ್ಲುಗಳು 4–5 ಮಿ.ಮೀ. ಆಳವಿದ್ದರೆ ಸಾಮಾನ್ಯ ಮಣ್ಣುದಾರಿಗೆ ಸಾಕು. ಕೆಸರು ಜಾಸ್ತಿಯಿದ್ದರೆ ಇನ್ನೂ ಆಳ, ಮತ್ತು ಹಲ್ಲುಗಳ ನಡುವೆ ಜಾಗ ಬೇಕು. ಇಲ್ಲದಿದ್ದರೆ ಮಣ್ಣು ಮೆತ್ತಿಕೊಂಡು ಶೂ ಇನ್ನೂ ಭಾರ. ಹಲ್ಲು ಆಳವಾಗಿದ್ದ ಮಾತ್ರಕ್ಕೆ ಒದ್ದೆ ಬಂಡೆಯ ಮೇಲೆ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಕೆಲಸ ಮಾಡುವುದು ರಬ್ಬರ್‌ನ ಅಂಟುಗುಣ.

ಮುಳ್ಳಿನ ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಹಗುರದ ಶೂಗಳ ಮೆತ್ತೆ ನೊರೆಯಂಥ ವಸ್ತು. ಉದ್ದನೆಯ ಒಣ ಮುಳ್ಳು ರಬ್ಬರಿನ ತೆಳು ಜಾಗದಲ್ಲಿ ಸಿಕ್ಕರೆ ನೇರ ಅಂಗಾಲಿಗೆ ಬರುತ್ತದೆ. ಮುಳ್ಳುಗಾಡಿನಲ್ಲಿ ಓಡಾಡುವವರು ರಾಕ್ ಪ್ಲೇಟ್ ಇರುವ ಮಾಡೆಲ್ ಕೇಳಿ. ಇದು ಮೆತ್ತೆಯ ನಡುವೆ ಕೂರಿಸಿದ ತೆಳು ಗಟ್ಟಿ ಹಾಳೆ. ಮೊನಚು ಕಲ್ಲಿನ ಒತ್ತೂ ತಗ್ಗುತ್ತದೆ, ಹಾಗಾಗಿ ಮುಂದಿನ ದಿಂಡು ನೋಯುವವರಿಗೆ ದುಪ್ಪಟ್ಟು ಲಾಭ.

ನೀರು ಬರದ ಶೂ ಬೇಕಾ? ಗೋರ್‌ಟೆಕ್ಸ್‌ನಂಥ ಪೊರೆ ಇರುವ ಶೂ ಇಬ್ಬನಿ ಹುಲ್ಲಿಗೆ, ಚಳಿಗೆ ಸರಿ. ಆದರೆ ಮೇಲಿನಿಂದ ನೀರು ಒಳಗೆ ಹೋದರೆ ಬೇಗ ಒಣಗದು. ಸೆಖೆಯಲ್ಲಿ ಪಾದ ಬೆವರಿ ನೆನೆಯುತ್ತದೆ, ನೆನೆದ ಚರ್ಮದಲ್ಲಿ ಗುಳ್ಳೆ ಬೇಗ ಏಳುತ್ತದೆ. ಹಳ್ಳ ದಾಟುವ ದಾರಿಯಾದರೆ, ಬಿಸಿಲು ನಾಡಾದರೆ, ಬಲೆಬಟ್ಟೆಯ ಶೂ ಮತ್ತು ಒಂದು ಜೊತೆ ಒಣ ಕಾಲುಚೀಲ ಮೇಲು.

ಎತ್ತರದ ಬೂಟೇ ಬೇಕು, ಇಲ್ಲದಿದ್ದರೆ ಕಾಲು ಉಳುಕುತ್ತದೆ ಅನ್ನುವುದು ಹಳೆಯ ನಂಬಿಕೆ. ಎತ್ತರವೊಂದೇ ಉಳುಕು ತಡೆಯದು. ಹಿಮ್ಮಡಿ ಬಿಗಿಯಾಗಿ ಕೂರುವುದು, ಅಡಿ ಅಗಲವಾಗಿ ನೆಲಕ್ಕೆ ಹತ್ತಿರ ಇರುವುದು ಅಷ್ಟೇ ಮುಖ್ಯ. ದಪ್ಪ ಮೆತ್ತೆಯ ಶೂ ನಿಮ್ಮನ್ನು ನೆಲದಿಂದ ಮೇಲೆ ಎತ್ತಿ ನಿಲ್ಲಿಸುತ್ತದೆ. ಕಾಲು ಪದೇಪದೇ ಉಳುಕುವವರು ತೀರಾ ದಪ್ಪದ್ದು ಬಿಟ್ಟುಬಿಡಿ. ಹಾವು, ಜಿಗಣೆ ಇರುವ ಕಡೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಕಾಲು ಮುಚ್ಚಲೇಬೇಕು. ಜಿಗಣೆಗೆ ಒತ್ತು ನೇಯ್ಗೆಯ ಉದ್ದ ಚೀಲ, ಹಾವಿಗೆ ಅದಕ್ಕೆಂದೇ ಮಾಡಿದ ಗಟ್ಟಿ ಗೇಟರ್, ಅಂದರೆ ಮೊಣಕಾಲಿನ ಕೆಳಗೆ ಸುತ್ತುವ ಕವಚ, ಬರುತ್ತವೆ. ಹಗುರ ಶೂ ಮೇಲೆಯೇ ಅವನ್ನು ಕಟ್ಟಬಹುದು.

ಪ್ರಾಣಿ ನೋಡಲು ಹೋಗುವವರಿಗೆ ಸದ್ದೂ ಮುಖ್ಯ. ಕಲ್ಲಿನಂತೆ ಗಟ್ಟಿಯಾದ ಅಡಿಯಲ್ಲಿ ಕಡ್ಡಿ ಮುರಿದ ಮೇಲೇ ಗೊತ್ತಾಗುತ್ತದೆ. ಸ್ವಲ್ಪ ಮಣಿಯುವ ಅಡಿಯಲ್ಲಿ ಕಡ್ಡಿ ಕಾಲಿಗೆ ತಾಗಿದ ಕೂಡಲೇ ಭಾರ ಹಿಂದಕ್ಕೆ ತೆಗೆಯಬಹುದು.

7. ಹಾಕಿಕೊಂಡು ನೋಡುವುದು ಹೀಗೆ

ಸಂಜೆ ಹೋಗಿ. ಕಾಡಿಗೆ ಹಾಕುವ ಕಾಲುಚೀಲವನ್ನೇ ಒಯ್ಯಿರಿ, ಹಾಳೆಯನ್ನೂ ಒಯ್ಯಿರಿ. ಹೊಸ ಶೂನ ಇನ್ಸೋಲ್ ತೆಗೆದು ನಿಮ್ಮ ಗೆರೆಯ ಮೇಲಿಡಿ. ಗೆರೆ ಹೊರಗೆ ಉಳಿದರೆ ಆ ಶೂ ಹಾಕಿ ನೋಡುವ ಅಗತ್ಯವೇ ಇಲ್ಲ.

ಎರಡೂ ಕಾಲಿಗೆ ಹಾಕಿ, ಲೇಸ್ ಬಿಗಿದು, ಕಡಿಮೆಯೆಂದರೂ ಹದಿನೈದು ನಿಮಿಷ ಓಡಾಡಿ. ಮೆಟ್ಟಿಲು ಇದ್ದರೆ ಇಳಿಯಿರಿ. ಇಳಿಯುವಾಗ ಬೆರಳು ಮುಂದೆ ಗುದ್ದಿದರೆ ಶೂ ಚಿಕ್ಕದು, ಇಲ್ಲವೇ ಹಿಡಿತ ಸಾಲದು. ಹತ್ತುವಾಗ ಹಿಮ್ಮಡಿ ಎದ್ದು ಎದ್ದು ಕೂರಬಾರದು. ಬೆರಳುಗಳನ್ನು ಒಳಗೇ ಆಡಿಸಿ, ಪಿಯಾನೋ ಬಾರಿಸಿದ ಹಾಗೆ ಒಂದೊಂದೂ ಆಡಬೇಕು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂತ ಯಾರು ಹೇಳಿದರೂ ಒಪ್ಪಬೇಡಿ. ಚರ್ಮ ಸ್ವಲ್ಪ ಹಿಗ್ಗೀತು, ಈಗಿನ ಕೃತಕ ಬಟ್ಟೆ ಹಿಗ್ಗುವುದು ಬಹಳ ಕಡಿಮೆ. ಉದ್ದವಂತೂ ಎಂದೂ ಬೆಳೆಯದು.

8. ಇನ್ಸೋಲ್ ಮತ್ತು ಕಾಲುಚೀಲ

ಹೆಚ್ಚಿನ ಶೂಗಳ ಜೊತೆ ಬರುವ ಇನ್ಸೋಲ್ ತೆಳುವಾದ ನೊರೆ ತುಂಡು. ಹಿಮ್ಮಡಿ ನೋವಿರುವವರು ಕಮಾನಿಗೆ ಆಸರೆ ಕೊಡುವ ಅರೆಗಟ್ಟಿ ಇನ್ಸೋಲ್ ಹಾಕಿ ನೋಡಿ. ಹಳೆಯದನ್ನು ತೆಗೆದು ಇದನ್ನು ಹಾಕಬೇಕು. ಒಂದರ ಮೇಲೊಂದು ಇಟ್ಟರೆ ಹಿಮ್ಮಡಿ ಬಟ್ಟಲಿನಿಂದ ಮೇಲೆ ಬಂದುಬಿಡುತ್ತದೆ. ಇನ್ಸೋಲ್ ಬದಲಿಸುವ ಯೋಚನೆ ಇದ್ದರೆ ಶೂ ನೋಡುವಾಗಲೇ ಒಯ್ಯಿರಿ, ಒಳಗಿನ ಜಾಗ ಅದರ ಮೇಲೆ ಬದಲಾಗುತ್ತದೆ.

ಮುಂದಿನ ದಿಂಡಿನ ನೋವಿಗೆ ಹನಿಯಾಕಾರದ ಸಣ್ಣ ಪ್ಯಾಡ್ ಸಿಗುತ್ತದೆ. ಎಲ್ಲರೂ ಅದನ್ನು ನೋಯುವ ಜಾಗದ ಕೆಳಗೇ ಅಂಟಿಸುತ್ತಾರೆ. ತಪ್ಪು. ನೋಯುವ ಜಾಗಕ್ಕಿಂತ ತುಸು ಹಿಂದೆ, ಹಿಮ್ಮಡಿಯ ಕಡೆಗೆ ಇರಬೇಕು. ಆಗ ಮೂಳೆಗಳ ಮೇಲಿನ ಭಾರ ಹಿಂದಕ್ಕೆ ಹಂಚಿಹೋಗುತ್ತದೆ.

ಕಾಲುಚೀಲ ಹತ್ತಿಯದು ಬೇಡ, ನೆನೆದರೆ ನೀರು ಹಿಡಿದುಕೊಂಡೇ ಇರುತ್ತದೆ. ಮೆರಿನೊ ಉಣ್ಣೆಯದು ಅಥವಾ ಬೇಗ ಒಣಗುವ ಕೃತಕ ನೂಲಿನದು ತಗೊಳ್ಳಿ.

9. ಲೇಸ್ ಕಟ್ಟುವುದರಲ್ಲೂ ಔಷಧ ಇದೆ

ಹಿಮ್ಮಡಿ ಜಾರುತ್ತಿದ್ದರೆ ಎಲ್ಲಕ್ಕಿಂತ ಮೇಲೆ, ಸಾಮಾನ್ಯವಾಗಿ ಖಾಲಿ ಬಿಡುವ ಒಂದು ಹೆಚ್ಚುವರಿ ತೂತು ಇರುತ್ತದೆ ನೋಡಿ. ಲೇಸನ್ನು ಅದೇ ಬದಿಯಲ್ಲಿ ಅದರೊಳಗೆ ತೂರಿಸಿ ಎರಡೂ ಕಡೆ ಸಣ್ಣ ಕುಣಿಕೆ ಮಾಡಿ. ಈಗ ಎಡದ ತುದಿಯನ್ನು ಬಲದ ಕುಣಿಕೆಯಲ್ಲಿ, ಬಲದ ತುದಿಯನ್ನು ಎಡದ ಕುಣಿಕೆಯಲ್ಲಿ ತೂರಿಸಿ, ಹಿಂದಕ್ಕೂ ಕೆಳಕ್ಕೂ ಎಳೆದು ಕಟ್ಟಿ. ಹಿಮ್ಮಡಿ ಬೀಗ ಹಾಕಿದ ಹಾಗೆ ಕೂರುತ್ತದೆ. ಪಾದದ ಮೇಲ್ಭಾಗ ಎಲ್ಲಿ ಒತ್ತುತ್ತದೋ ಅಲ್ಲಿ ಮಾತ್ರ ಲೇಸನ್ನು ಅಡ್ಡ ಹಾಯಿಸದೆ ನೇರ ಮೇಲಕ್ಕೆ ಒಯ್ಯಿರಿ, ಒತ್ತು ತಗ್ಗುತ್ತದೆ. ಇಳಿಜಾರು ಶುರುವಾಗುವ ಮೊದಲು ಒಂದು ನಿಮಿಷ ನಿಂತು ಮತ್ತೊಮ್ಮೆ ಬಿಗಿಯಿರಿ.

10. ಮೊದಲ ಎರಡು ವಾರ, ಮತ್ತೆ ಆಮೇಲೆ

ಹೊಸ ಶೂ ಹಾಕಿಕೊಂಡು ನೇರ ಕಾಡಿಗೆ ಹೋಗಬೇಡಿ. ಮೊದಲ ಮೂರು ದಿನ ಮನೆಯೊಳಗೆ ಒಂದೊಂದು ಗಂಟೆ. ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರಾದರೆ ಅಡಿ ಕೊಳೆಯಾಗದಂತೆ ಇದು ಅನುಕೂಲ. ಆಮೇಲೆ 2–3 ಕಿಲೋಮೀಟರ್ ಸಮತಟ್ಟು ದಾರಿ, ದಿನ ಬಿಟ್ಟು ದಿನ. ನಂತರ ಏರುತಗ್ಗು. ಡ್ರಾಪ್ ಬದಲಾಗಿದ್ದರೆ, ಹೊಸ ಇನ್ಸೋಲ್ ಹಾಕಿದ್ದರೆ ಇನ್ನೂ ನಿಧಾನ. ಎಲ್ಲಾದರೂ ಚರ್ಮ ಬಿಸಿಯಾಗಿ ಉಜ್ಜಿದಂತೆ ಅನ್ನಿಸಿದರೆ ಅಲ್ಲೇ ಕುಳಿತು ಟೇಪ್ ಅಂಟಿಸಿ. "ಇನ್ನೊಂದು ಸ್ವಲ್ಪ ದೂರ" ಅಂತ ನಡೆದರೆ ಅದು ಗುಳ್ಳೆಯಾಗುತ್ತದೆ.

ಬೆಳಿಗ್ಗೆ ಹಿಮ್ಮಡಿ ಚುಚ್ಚುವವರು ಹಾಸಿಗೆಯಿಂದ ಇಳಿಯುವ ಮೊದಲೇ ಬೆರಳುಗಳನ್ನು ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಹತ್ತು ಎಣಿಸುವಷ್ಟು ಹೊತ್ತು, ಹತ್ತು ಸಲ. ಶೂ ಎಷ್ಟೇ ಒಳ್ಳೆಯದಿರಲಿ, ಈ ಎಳೆತ ಬಿಡಬೇಡಿ.

ಹಗುರ ಶೂಗೆ ಆಯಸ್ಸು ಕಡಿಮೆ ಎಂದು ಒಪ್ಪಿಕೊಂಡೇ ಕೊಳ್ಳಬೇಕು. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಆಗುವ ಹೊತ್ತಿಗೆ ಮೆತ್ತೆ ಸತ್ತಿರುತ್ತದೆ, ಮೇಲೆ ನೋಡಲು ಹೊಸದರಂತೆಯೇ ಇರಬಹುದು. ಪಕ್ಕದಿಂದ ನೋಡಿ: ನೊರೆಯಲ್ಲಿ ಅಡ್ಡಡ್ಡ ಸುಕ್ಕು ಬಿದ್ದಿದ್ದು, ಬೆರಳಿನಿಂದ ಒತ್ತಿದರೆ ಮರಳಿ ಪುಟಿಯದಿದ್ದರೆ ಮುಗಿಯಿತು. ಹಾಗೆಯೇ ಪಾಲಿಯುರಿಥೇನ್ ಮೆತ್ತೆಯ ಬೂಟನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇಟ್ಟು ದಿಢೀರನೆ ಕಾಡಿಗೆ ಹಾಕಬೇಡಿ. ಗಾಳಿಯ ತೇವಕ್ಕೆ ಅದು ಒಳಗಿನಿಂದ ಪುಡಿಯಾಗುತ್ತದೆ, ನಡು ದಾರಿಯಲ್ಲಿ ಅಡಿ ಕಳಚಿ ಬೀಳುತ್ತದೆ. ಇಟ್ಟಿದ್ದನ್ನು ಹೊರಡುವ ಒಂದು ವಾರ ಮೊದಲೇ ತೆಗೆದು, ಜೋರಾಗಿ ಮಡಚಿ, ಅಂಚುಗಳನ್ನು ಉಗುರಿನಿಂದ ಕೆರೆದು ನೋಡಿ. ಕೈಗೆ ಪುಡಿ ಬಂದರೆ ಆ ಬೂಟು ಮನೆಯಲ್ಲೇ ಉಳಿಯಲಿ.